ಕಚೇರಿಯ ನಿಯಮದ ಪುಸ್ತಕ ಸಿಬ್ಬಂದಿಗೆ ಉಪಯೋಗಕ್ಕೆ ಬರಬೇಕಾದರೆ ಏನು ಮಾಡಬೇಕು?

ನಿಯಮದ ಪುಸ್ತಕ ಇದ್ದರೂ ಎಲ್ಲರೂ ಪಕ್ಕದವರನ್ನೇ ಕೇಳುತ್ತಾರೆ ಅಂತ ಬೇಸರದಿಂದ ಬರೆದಿದ್ದೀರಿ. ಕೇಳಲಿ ಬಿಡಿ. ಏನು ಕೇಳುತ್ತಾರೆ ಅನ್ನೋದನ್ನು ಮಾತ್ರ ಬರೆದಿಟ್ಟುಕೊಳ್ಳಿ. ನಿಮಗೆ ಬೇಕಾದ ಪುಸ್ತಕ ಅದರಲ್ಲೇ ಇದೆ.

ನಾನು ಶಿರಸಿಯ ಒಂದು ಅಡಿಕೆ ಸಹಕಾರ ಸಂಘದಲ್ಲಿ ಕೆಲಸ ಮಾಡುತ್ತೇನೆ. ತೂಕದ ಯಂತ್ರದ ಹತ್ತಿರ ಒಂದು ತಿಂಗಳು ನೋಟ್‌ಬುಕ್ ಇಟ್ಟಿದ್ದೆ. ಚಾಲಿ (ಒಣಗಿಸಿ ಸುಲಿದ ಅಡಿಕೆ) ಚೀಲದಲ್ಲಿ ಬಿಳೆಗೋಟು (ಕಡಿಮೆ ದರ್ಜೆಯ ಅಡಿಕೆ) ಬೆರೆತಿದ್ದರೆ ಲಾಟ್ ಬೇರೆ ಮಾಡೋದಾ? ಟೆಂಡರ್ ದರ ರೈತರಿಗೆ ಒಪ್ಪಿಗೆ ಆಗದಿದ್ದರೆ? ರಸೀದಿ ಕಳೆದುಕೊಂಡು ಬಂದರೆ? ದಿನಾ ಇವೇ ಪ್ರಶ್ನೆಗಳು, ಉತ್ತರ ಗೊತ್ತಿದ್ದದ್ದು ಮಾತ್ರ ಒಬ್ಬ ಹಿರಿಯ ಗುಮಾಸ್ತರಿಗೆ. ಅವರು ರಜೆ ಹಾಕಿದ ದಿನ ರೈತರು ಕಾಯಬೇಕಿತ್ತು.

ಹಳೆ ಪುಸ್ತಕದಲ್ಲಿ, "ತೇವಾಂಶ ಅಧಿಕವಿರುವ ಉತ್ಪನ್ನದ ಕುರಿತು ಮೇಲಧಿಕಾರಿಗಳ ಗಮನಕ್ಕೆ ತರತಕ್ಕದ್ದು" ಅಂತಿತ್ತು. ಗುಮಾಸ್ತರ ಜೊತೆ ಕೂತು ಅದನ್ನು ಹೀಗೆ ಬರೆದೆವು: "ಚೀಲ ಒದ್ದೆ ಇದ್ದರೆ ತೂಕಕ್ಕೆ ಇಡಬೇಡಿ. ರೈತರ ಎದುರೇ ಬಿಚ್ಚಿ, ತಳದ ಅಡಿಕೆ ತೆಗೆದು ತೋರಿಸಿ. ಅವರು ಒಪ್ಪದಿದ್ದರೆ ಮ್ಯಾನೇಜರಿಗೆ ಫೋನ್ ಮಾಡಿ." ಕೆಳಗೆ ನಂಬರು. ಆಮೇಲೆ ಆ ಹಾಳೆಯನ್ನು ಹೊಸದಾಗಿ ಸೇರಿದ ಹುಡುಗನ ಕೈಗೆ ಕೊಟ್ಟು ನಾವು ಸುಮ್ನೆ ನಿಂತೆವು. ಅವನು ಫೋನ್ ಹಿಡಿದು, "ಮ್ಯಾನೇಜರ್ ಎತ್ತದಿದ್ದರೆ ಯಾರಿಗೆ ಮಾಡ್ಲಿ?" ಅಂದ. ನಮಗೆ ಯಾರಿಗೂ ಹೊಳೆದಿರಲಿಲ್ಲ! ಎರಡನೇ ನಂಬರು ಸೇರಿತು. ಈ ಪರೀಕ್ಷೆ ಮಾತ್ರ ಬಿಡಬೇಡಿ. ಹೊಸಬರು ಎಲ್ಲಿ ತಡೆದು ನಿಲ್ಲುತ್ತಾರೋ ಅಲ್ಲಿ ತಿದ್ದಬೇಕಾದದ್ದು ಹಾಳೆಯನ್ನೇ.

ರಜೆ, ಮುಂಗಡದ ನಿಯಮಕ್ಕೆ ತಲಾ ಒಂದು ಪುಟ ಸಾಕು.

ದೂರು ಕೊಡುವ ನಿಯಮಕ್ಕೆ ಮಾತ್ರ ಜಾಸ್ತಿ ಗಮನ ಕೊಡಿ. 10 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಇರಬೇಕು, ಅದನ್ನು ನೇಮಿಸಿದ ಆದೇಶ ಎಲ್ಲರ ಕಣ್ಣಿಗೆ ಬೀಳುವಂತೆ ಹಾಕಬೇಕು. 2013ರ ಕಾಯ್ದೆಯೇ ಇದನ್ನು ಹೇಳುತ್ತದೆ. ದೂರು ಕೊಡಲು ಸಾಮಾನ್ಯವಾಗಿ 3 ತಿಂಗಳ ಅವಧಿ. ನಮ್ಮಲ್ಲಿ ಆದೇಶ ಇದ್ದದ್ದು ಅಧ್ಯಕ್ಷರ ಕೋಣೆಯ ಗೋಡೆ ಮೇಲೆ. ಅಡಿಕೆ ಆರಿಸುವ ಹೆಂಗಸರು ಅಲ್ಲಿಗೆ ಯಾಕೆ ಹೋಗುತ್ತಾರೆ ಹೇಳಿ? ಈಗ ಅವರು ನೀರು ಕುಡಿಯುವ ಜಾಗದಲ್ಲಿ ಸಮಿತಿಯವರ ಹೆಸರು, ಫೋನ್ ನಂಬರು, 3 ತಿಂಗಳ ಮಾತು ಎಲ್ಲಾ ದಪ್ಪ ಅಕ್ಷರದಲ್ಲಿದೆ. ಓದು ಬಾರದವರಿಗೆ ಒಬ್ಬರು ಓದಿ ಹೇಳಿದರು.

ಪ್ರತಿ ಹಾಳೆಯ ಮೂಲೆಯಲ್ಲಿ ತಾರೀಕು ಹಾಕಿ. ನಾವು ಮಳೆಗಾಲಕ್ಕೆ ಮುಂಚೆ, ಮೇ ತಿಂಗಳಲ್ಲಿ ಒಂದು ಮಧ್ಯಾಹ್ನ ಕೂತು ಎಲ್ಲವನ್ನೂ ಓದುತ್ತೇವೆ. ಹೋದ ಸಲ ಒಂದು ಇಡೀ ಹಾಳೆಯನ್ನೇ ತೆಗೆದೆವು. ಆ ಹಾಳೆ ಹೇಳುತ್ತಿದ್ದ ರಿಜಿಸ್ಟರ್ ಬರೆಯುವುದನ್ನು ನಿಲ್ಲಿಸಿ ಎರಡು ವರ್ಷ ಆಗಿತ್ತು.