ಫೋನಿನಲ್ಲಿ ಇಷ್ಟೊಂದು ಜಾಗ ಇರುವಾಗ ಎಂಪಿ3 ಇನ್ನೂ ಬೇಕಾ?

128 ಜಿಬಿ ಫೋನು ಇದೆ, ಜಾಗಕ್ಕೆ ಬರ ಇಲ್ಲ, ಹಾಗಿರುವಾಗ ಎಂಪಿ3 ಯಾಕೆ ಬೇಕು, ಇರುವ ಹಾಡನ್ನೆಲ್ಲ ಫ್ಲ್ಯಾಕ್‌ಗೆ ಬದಲಾಯಿಸಿಕೊಳ್ಳಲಾ ಅಂತ ಕೇಳಿದ್ದೀರಿ. ಎರಡನೆಯದಕ್ಕೆ ಮೊದಲು ಹೇಳಿಬಿಡುತ್ತೇನೆ. ಬೇಡ. ಎಂಪಿ3 ಅಂದರೆ ಸದ್ದಿನ ಸ್ವಲ್ಪ ಭಾಗವನ್ನು ಕೈಬಿಟ್ಟು ಫೈಲನ್ನು ಕುಗ್ಗಿಸುವ ಬಗೆ, ಫ್ಲ್ಯಾಕ್ ಅಂದರೆ ಏನನ್ನೂ ಬಿಡದೆ ಕುಗ್ಗಿಸುವ ಬಗೆ. ಎಂಪಿ3 ಮಾಡುವಾಗ ಬಿಟ್ಟುಹೋದದ್ದು ಫ್ಲ್ಯಾಕ್ ಮಾಡಿದರೆ ವಾಪಸ್ ಬರುವುದಿಲ್ಲ. ಸುಲಿದ ಅಡಿಕೆಗೆ ಮತ್ತೆ ಸಿಪ್ಪೆ ಹೊದೆಸಿದ ಹಾಗೆ. ಫೈಲ್ ದೊಡ್ಡದಾಗುತ್ತದೆ, ಅಷ್ಟೇ.

ಇನ್ನು ಮೊದಲನೆಯ ಪ್ರಶ್ನೆ. ಬರೀ ಕೇಳುವುದಕ್ಕಾದರೆ ಕುಗ್ಗಿಸಿದ ಫೈಲು ಈಗಲೂ ಬೇಕು. ನಾನಿರುವುದು ಹೊಸನಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಮಳೆಗಾಲದಲ್ಲಿ ಕರೆಂಟು ಹೋದರೆ ಸ್ವಲ್ಪ ಹೊತ್ತಿಗೆ ಟವರೂ ಹೋಗುತ್ತದೆ. ಶಿವಮೊಗ್ಗಕ್ಕೆ ಹೋದಾಗ ಬೇಕಾದ ಹಾಡು ಇಳಿಸಿಕೊಂಡು ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. ಸಿಡಿಯಲ್ಲಿರುವ ಸಂಗೀತ ಒಂದು ನಿಮಿಷಕ್ಕೆ ಸುಮಾರು 10 ಎಂಬಿ. 128 ಕೆಬಿಪಿಎಸ್ (ಅಂದರೆ ಸೆಕೆಂಡಿಗೆ 128 ಸಾವಿರ ಬಿಟ್) ಎಂಪಿ3 ಆದರೆ ನಿಮಿಷಕ್ಕೆ ಒಂದು ಎಂಬಿಯೂ ಇಲ್ಲ. ಅದೂ ಅಲ್ಲದೆ ನೀವು ಬ್ಲೂಟೂತ್ ಇಯರ್‌ಫೋನ್ ಹಾಕಿಕೊಳ್ಳುವವರಾದರೆ, ಫೋನು ಸಾಮಾನ್ಯವಾಗಿ ಫ್ಲ್ಯಾಕನ್ನೂ ಮತ್ತೆ ಕುಗ್ಗಿಸಿಯೇ ಕಿವಿಗೆ ಕಳಿಸುತ್ತದೆ.

ಅಕ್ಕನ ಮಗ ರಜೆಗೆ ಬಂದಾಗ ಒಂದು ಪರೀಕ್ಷೆ ಮಾಡಿದೆವು. ಸಿಡಿಯಿಂದ ತೆಗೆದ ಒಂದು ಕೊಳಲು ಕಛೇರಿ. ಒಂದು ಸಲ ಫ್ಲ್ಯಾಕ್, ಒಂದು ಸಲ 256 ಕೆಬಿಪಿಎಸ್ ಎಎಸಿ (ಎಂಪಿ3 ಹಾಗೇ ಕುಗ್ಗಿಸುವ ಇನ್ನೊಂದು ಬಗೆ), ಯಾವುದು ಅಂತ ಹೇಳದೆ ಹಾಕುತ್ತಾ ಹೋದ. ತಂತಿಯ ಹೆಡ್‌ಫೋನ್, ನಡುರಾತ್ರಿ, ಮನೆಯಲ್ಲಿ ಎಲ್ಲರೂ ಮಲಗಿದ್ದರು. 20 ಸಲದಲ್ಲಿ ನಾನು ಸರಿ ಹೇಳಿದ್ದು 11. ಕಣ್ಣು ಮುಚ್ಚಿ ಊಹೆ ಮಾಡಿದ್ದರೂ ಅಷ್ಟೇ ಬರುತ್ತಿತ್ತು. ಹಾಗಾಗಿ ತೋಟದಲ್ಲಿ ಕೆಲಸ ಮಾಡುವಾಗ, ಬಸ್ಸಿನಲ್ಲಿ ಹೋಗುವಾಗ ನಾನು ಕೇಳುವುದೆಲ್ಲ ಎಎಸಿ ಇಲ್ಲವೇ ಓಪಸ್. ಓಪಸ್ ಕೂಡ ಅಂಥದ್ದೇ ಒಂದು ಬಗೆ, 2012ರಲ್ಲಿ ಬಂದದ್ದು. ಕಡಿಮೆ ಜಾಗದಲ್ಲಿ ಎಂಪಿ3ಗಿಂತ ಚೆನ್ನಾಗಿ ಕೇಳಿಸುತ್ತದೆ.

ಆದರೆ ನಿಮ್ಮ ಹತ್ತಿರ ಇರುವುದು ಪೇಟೆಯಲ್ಲಿ ಮತ್ತೆ ಸಿಗುವ ಹಾಡುಗಳಷ್ಟೇನಾ? ಅಥವಾ ನಿಮ್ಮ ಮನೆಯಲ್ಲೇ ರೆಕಾರ್ಡ್ ಮಾಡಿದ್ದೂ ಇದೆಯಾ? ಇದ್ದರೆ ಮುಂದಿನದನ್ನು ದಯವಿಟ್ಟು ಗಮನ ಇಟ್ಟು ಓದಿ.

ಅಪ್ಪಯ್ಯನಿಗೆ ತಾಳಮದ್ದಳೆ ಹುಚ್ಚು. ಮಳೆಗಾಲದಲ್ಲಿ ನಮ್ಮ ಮನೆ ಜಗಲಿಯಲ್ಲಿ ರಾತ್ರಿಯಿಡೀ ನಡೆಯುತ್ತಿತ್ತು. ಅದನ್ನೆಲ್ಲ ಟೇಪ್ ರೆಕಾರ್ಡರಿನಲ್ಲಿ ಹಿಡಿದಿಟ್ಟಿದ್ದರು. 90 ನಿಮಿಷದ 14 ಕ್ಯಾಸೆಟ್. 2007ರಲ್ಲಿ ಅವನ್ನು ಪೇಟೆಯ ಒಂದು ಅಂಗಡಿಗೆ ಕೊಟ್ಟೆವು. ಹದಿನಾಲ್ಕನ್ನೂ ಒಂದೇ ಸಿಡಿಗೆ ಹಾಕಿಕೊಟ್ಟರು. ಆಗ ನಮಗೆ ಬಹಳ ಸಂತೋಷ ಆಗಿತ್ತು. 700 ಎಂಬಿ ಸಿಡಿಯಲ್ಲಿ 21 ಗಂಟೆ ಹಿಡಿಸಬೇಕಾದರೆ 64 ಕೆಬಿಪಿಎಸ್‌ಗೆ ಇಳಿಸದೆ ಬೇರೆ ದಾರಿ ಇಲ್ಲ ಅನ್ನುವುದು ಆಗ ಗೊತ್ತಿರಲಿಲ್ಲ. ಎರಡು ಮಳೆಗಾಲದಲ್ಲಿ ಕ್ಯಾಸೆಟ್‌ಗಳಿಗೆ ಬೂಷ್ಟು ಹಿಡಿಯಿತು. ಸಿಡಿ ಇದೆಯಲ್ಲ ಅಂತ ಗುಜರಿಯವನಿಗೆ ಕೊಟ್ಟೆವು.

ಈಗ ಆ ಸಿಡಿ ಹಾಕಿದರೆ ಮಾತು ಅರ್ಥವಾಗುತ್ತದೆ. ಭಾಗವತರ ದನಿಯೂ ಪರವಾಗಿಲ್ಲ. ಮದ್ದಳೆಯ ಪೆಟ್ಟು ಮಾತ್ರ ಪೆಟ್ಟಾಗಿ ಉಳಿದಿಲ್ಲ. ಬೆರಳು ಬೀಳುವ ಮೊದಲೇ ಸಣ್ಣದಾಗಿ ಶ್‌ ಅನ್ನುತ್ತದೆ. ಎಂಪಿ3 ಸದ್ದನ್ನು ತುಂಡು ತುಂಡಾಗಿ ತೆಗೆದುಕೊಳ್ಳುತ್ತದೆ, ಒಂದು ತುಂಡು ಸುಮಾರು 26 ಮಿಲಿಸೆಕೆಂಡ್. ಗಟ್ಟಿ ಸದ್ದಿನ ಮರೆಯಲ್ಲಿ ಕಿವಿಗೆ ಕೇಳದಿರುವುದನ್ನು ಕೈಬಿಡುವುದೇ ಅದರ ಉಪಾಯ. ಚಂಡೆ ಬಾರಿಸುವಾಗ ಪಕ್ಕದವರ ಪಿಸುಮಾತು ಕೇಳುವುದಿಲ್ಲ, ಅಲ್ವಾ? ಹಾಗೆ. ಕೆಬಿಪಿಎಸ್ ತೀರಾ ಕಡಿಮೆ ಇದ್ದರೆ, ಹೀಗೆ ಬಿಟ್ಟದ್ದರಿಂದ ಹುಟ್ಟುವ ಕೊಳೆ ಆ ತುಂಡಿನ ಉದ್ದಕ್ಕೂ ಹರಡಿಕೊಳ್ಳುತ್ತದೆ. ಪೆಟ್ಟು ಬಿದ್ದ ಮೇಲೆ ಬರುವ ಕೊಳೆ ಮುಚ್ಚಿಹೋಗುತ್ತದೆ. ಪೆಟ್ಟಿಗೆ ಮೊದಲೇ ಬರುವುದು ಕೇಳಿಸುತ್ತದೆ.

ಇದಕ್ಕಿಂತ ಬೇಜಾರಿನ ಸಂಗತಿ ಮಳೆಯದು. ಜಗಲಿಯ ಹಂಚಿನ ಮೇಲೆ ಸುರಿಯುವ ಮಳೆ ಪ್ರತಿ ಕ್ಯಾಸೆಟ್‌ನಲ್ಲೂ ಇತ್ತು. ಒಂದು ಸ್ವರ ಅಂದರೆ ಗೊತ್ತಾದ ಅಲೆ, ಅದನ್ನು ಕುಗ್ಗಿಸುವುದು ಸುಲಭ. ಮಳೆಗೆ ಅಂಥ ಕ್ರಮ ಏನೂ ಇಲ್ಲ. ಚಪ್ಪಾಳೆಗೂ ಇಲ್ಲ. ಇಂಥ ಸದ್ದೇ ಎಂಪಿ3ಗೆ ಬಹಳ ಕಷ್ಟ. ಇರುವ 64 ಕೆಬಿಪಿಎಸ್‌ನಲ್ಲಿ ದೊಡ್ಡ ಪಾಲನ್ನು ಮಳೆಯೇ ತಿಂದು, ಹಾಡುಗಾರಿಕೆಗೆ ಉಳಿದದ್ದು ಸ್ವಲ್ಪ. ಅಷ್ಟಾದರೂ ಮಳೆ ಮಳೆಯ ಹಾಗೆ ಕೇಳುವುದಿಲ್ಲ. ಬಾವಿಯೊಳಗೆ ಯಾರೋ ನೀರು ಕಲಕಿದ ಹಾಗೆ ಕೇಳುತ್ತದೆ.

ಹೋದ ಬೇಸಿಗೆಯಲ್ಲಿ ಅತ್ತೆ ಮನೆಯ ಅಟ್ಟದ ಮೇಲೆ, ಅಪ್ಪಯ್ಯ ಹಿಂದೆ ಯಾವಾಗಲೋ ಪ್ರತಿ ಮಾಡಿಕೊಟ್ಟಿದ್ದ ಒಂದೇ ಒಂದು ಕ್ಯಾಸೆಟ್ ಸಿಕ್ಕಿತು. ಅದೂ ಮೂಲ ಅಲ್ಲ, ಪ್ರತಿ. ಅದನ್ನು ಕುಗ್ಗಿಸದೆ, ವೇವ್ ಫೈಲಾಗಿ ತೆಗೆದೆ. ಟೇಪಿನ ಸದ್ದು ಜಾಸ್ತಿ ಇದೆ. ಆದರೂ ಮದ್ದಳೆಯ ಪೆಟ್ಟು ನೆಟ್ಟಗೆ ಬೀಳುತ್ತದೆ. ಮಳೆ ಹಂಚಿನ ಮೇಲೆಯೇ ಬೀಳುತ್ತದೆ. ನಡುವೆ ಅಪ್ಪಯ್ಯ ಒಮ್ಮೆ ಕೆಮ್ಮುತ್ತಾರೆ. ಸಿಡಿಯಲ್ಲಿ ಅದೇ ಜಾಗ ಹುಡುಕಿ ಕೇಳಿದೆ. ಅಲ್ಲಿ ಕೆಮ್ಮು ಇದೆ, ಯಾರದ್ದು ಅಂತ ಹೇಳುವ ಹಾಗಿಲ್ಲ.

ಫ್ಲ್ಯಾಕ್ ಕೆಲಸಕ್ಕೆ ಬರುವುದು ಇಂಥಲ್ಲಿ. ಅದೂ ಕುಗ್ಗಿಸುತ್ತದೆ, ಆದರೆ ಏನನ್ನೂ ಬಿಡುವುದಿಲ್ಲ. ಬಿಚ್ಚಿದರೆ ವೇವ್‌ನಲ್ಲಿದ್ದ ಒಂದೊಂದು ಅಂಕಿಯೂ ಹಾಗೇ ಸಿಗುತ್ತದೆ. 90 ನಿಮಿಷದ ಕ್ಯಾಸೆಟ್ ಸ್ಟೀರಿಯೋ ವೇವ್ ಆದರೆ ಸುಮಾರು 950 ಎಂಬಿ, ಫ್ಲ್ಯಾಕ್ ಮಾಡಿದರೆ ಹೆಚ್ಚುಕಡಿಮೆ ಅರ್ಧ. ನಮ್ಮ 14 ಕ್ಯಾಸೆಟ್ ಇವತ್ತಿನ ಒಂದು 16 ಜಿಬಿ ಪೆನ್‌ಡ್ರೈವ್‌ನಲ್ಲಿ ಆರಾಮಾಗಿ ಕೂರುತ್ತಿದ್ದವು.

ನಿಮ್ಮ ಮನೆಯಲ್ಲಿ ಕ್ಯಾಸೆಟ್ ಇದ್ದರೆ ಮಳೆಗಾಲಕ್ಕೆ ಮೊದಲೇ ಹೊರಗೆ ತೆಗೆಯಿರಿ. ಬೂಷ್ಟು ಕಂಡರೆ ಸುಮ್ನೆ ಪ್ಲೇಯರಿಗೆ ಹಾಕಬೇಡಿ, ಮೊದಲು ಟೇಪ್ ಸ್ವಚ್ಛ ಮಾಡಿಸಿ. ಪ್ಲೇಯರಿನ ಹೆಡ್ಡನ್ನು (ಟೇಪ್ ತಾಗಿಕೊಂಡು ಹೋಗುವ ಭಾಗ) ಸ್ಪಿರಿಟ್ ಹತ್ತಿಯಿಂದ ಒರೆಸಿ, ಕಂಪ್ಯೂಟರಿನಲ್ಲಿ ಸದ್ದು ರೆಕಾರ್ಡ್ ಮಾಡುವ ಆಡಾಸಿಟಿ ತಂತ್ರಾಂಶದಲ್ಲಿ 44.1 ಕಿಲೋಹರ್ಟ್ಸ್, 16 ಬಿಟ್‌ಗೆ ತೆಗೆದು ಫ್ಲ್ಯಾಕ್ ಮಾಡಿ ಎರಡು ಕಡೆ ಇಡಿ. ಫೋನಿಗೆ ಬೇಕಾದ ಎಂಪಿ3ಯನ್ನು ಅದರಿಂದ ಯಾವಾಗ ಬೇಕಾದರೂ ಮಾಡಿಕೊಳ್ಳಬಹುದು. ಕ್ಯಾಸೆಟ್‌ಗಳನ್ನು ಮಾತ್ರ ಗುಜರಿಗೆ ಹಾಕಬೇಡಿ.