ಪ್ಯಾಲೆಸ್ಟೀನ್‌ನ ಮಕ್ಕಳ ಹಕ್ಕುಗಳ ಸಂಶೋಧಕರಿಗೆ ಫೆಲೋಶಿಪ್ ಎಲ್ಲಿ ಸಿಗುತ್ತದೆ?

ನಿಮ್ಮ ಪ್ರಶ್ನೆ ಇಷ್ಟು: ಆನ್‌ಲೈನ್ ಕೋರ್ಸಿನಲ್ಲಿ ಪರಿಚಯವಾದ, ಇಸ್ರೇಲಿ ಸೇನೆಯ ಹಿಡಿತದ ವೆಸ್ಟ್ ಬ್ಯಾಂಕ್‌ನಲ್ಲಿರುವ ನಬ್ಲುಸ್‌ನ ಗೆಳತಿ, ಬಂಧನಕ್ಕೊಳಗಾದ ಮಕ್ಕಳ ಬಗ್ಗೆ ಪಿಎಚ್‌.ಡಿ. ಮುಗಿಸಿದ್ದಾರೆ; ಮುಂದಿನ ಸಂಶೋಧನೆಗೆ ಅವರು ಎಲ್ಲಿ ಅರ್ಜಿ ಹಾಕಬೇಕು? ನಾನು ಇಂಗ್ಲೆಂಡಿನ ಒಂದು ವಿಶ್ವವಿದ್ಯಾಲಯದ ಕಾನೂನು ವಿಭಾಗದ ಕಚೇರಿಯಲ್ಲಿದ್ದೇನೆ. ಇಂಥ ಮೂರು ಅರ್ಜಿಗಳ ಕಾಗದಪತ್ರ ನನ್ನ ಮೇಜು ದಾಟಿ ಹೋಗಿವೆ. ಮಂಜೂರು ಮಾಡುವವಳು ನಾನಲ್ಲ, ಫೈಲು ಹೊತ್ತು ಓಡಾಡುವವಳು.

ಪ್ಯಾಲೆಸ್ಟೀನಿಯರಿಗೂ ಆಗಬೇಕು, ಮಕ್ಕಳ ಹಕ್ಕುಗಳ ವಿಷಯಕ್ಕೇ ಮೀಸಲಾಗಿರಬೇಕು ಅಂತ ಹುಡುಕುತ್ತ ಕೂತರೆ ವರ್ಷ ಕಳೆದುಹೋಗುತ್ತದೆ. ನನ್ನ ಮುಂದೆ ಬಂದ ಮೂರೂ ಅರ್ಜಿಗಳು ಅಪಾಯದಲ್ಲಿರುವ ವಿದ್ವಾಂಸರಿಗೆಂದು ಇರುವ ಸಾಮಾನ್ಯ ಯೋಜನೆಗಳವು. ಲಂಡನ್ನಿನ ಕಾರಾ ಎಂಬ ಸಂಸ್ಥೆ 1933ರಲ್ಲಿ ಶುರುವಾದದ್ದು, ಹಿಟ್ಲರ್ ಕೆಲಸದಿಂದ ಕಿತ್ತುಹಾಕಿದ ಪ್ರಾಧ್ಯಾಪಕರಿಗಾಗಿ. ಜರ್ಮನಿಯ ಫಿಲಿಪ್ ಶ್ವಾರ್ಟ್ಸ್ ಯೋಜನೆಗೆ, ಅದೇ ವರ್ಷ ಫ್ರಾಂಕ್‌ಫರ್ಟ್‌ನಿಂದ ಓಡಿಹೋಗಬೇಕಾಗಿ ಬಂದ ಯಹೂದಿ ವೈದ್ಯವಿಜ್ಞಾನಿಯ ಹೆಸರನ್ನೇ ಇಟ್ಟಿದ್ದಾರೆ. ಆ ಬಾಗಿಲುಗಳನ್ನೇ ಇವತ್ತು ಗಾಜಾದ ಮೇಷ್ಟ್ರುಗಳು ತಟ್ಟುತ್ತಿದ್ದಾರೆ. ನ್ಯೂಯಾರ್ಕಿನ ಸ್ಕಾಲರ್ ರೆಸ್ಕ್ಯೂ ಫಂಡ್, ಫ್ರಾನ್ಸಿನ ಪೌಸ್ ಕೂಡ ಇದೇ ಬಗೆಯವು.

ಒಂದು ವ್ಯತ್ಯಾಸ ಗಮನಿಸಿ. ಕಾರಾ ಮತ್ತು ರೆಸ್ಕ್ಯೂ ಫಂಡ್‌ಗೆ ವಿದ್ವಾಂಸರೇ ಅರ್ಜಿ ಹಾಕಬಹುದು. ಶ್ವಾರ್ಟ್ಸ್ ಮತ್ತು ಪೌಸ್‌ಗೆ ಅಲ್ಲಿನ ವಿಶ್ವವಿದ್ಯಾಲಯವೇ ಹಾಕಬೇಕು. ಅಂದರೆ ನಿಮ್ಮ ಗೆಳತಿಯ ಮೊದಲ ಕೆಲಸ ಫಾರಂ ತುಂಬುವುದಲ್ಲ, ಒಬ್ಬ ಪ್ರಾಧ್ಯಾಪಕರಿಗೆ ನಾಲ್ಕು ಸಾಲಿನ ಇಮೇಲ್ ಬರೆಯುವುದು. ಮಕ್ಕಳ ಹಕ್ಕುಗಳ ಅಧ್ಯಯನ ಗಟ್ಟಿಯಾಗಿರುವ ಕಡೆ ಬರೆಯಲಿ: ಬೆಲ್‌ಫಾಸ್ಟ್‌ನ ಕ್ವೀನ್ಸ್, ನೆದರ್ಲೆಂಡ್ಸಿನ ಲೈಡನ್, ಜಿನೀವಾ. ನಾನು ಕಂಡಂತೆ ದುಡ್ಡಿಗಿಂತ ಕಷ್ಟ, 'ಇವರು ನಮಗೆ ಬೇಕು' ಅಂತ ಒಂದು ವಿಭಾಗದ ಬಾಯಲ್ಲಿ ಹೇಳಿಸುವುದು.

ಅವರ ವಿಷಯಕ್ಕೆ ಬಲವಿದೆ, ಅದನ್ನು ಪ್ರಸ್ತಾವನೆಯ ಮೊದಲ ಪುಟಕ್ಕೇ ತರಬೇಕು. ವೆಸ್ಟ್ ಬ್ಯಾಂಕ್‌ನಲ್ಲಿ ಕಲ್ಲೆಸೆದ ಆರೋಪ ಹೊತ್ತ ಪ್ಯಾಲೆಸ್ಟೀನಿ ಹುಡುಗನ ವಿಚಾರಣೆ ಇಸ್ರೇಲಿನ ಮಿಲಿಟರಿ ಕೋರ್ಟಿನಲ್ಲಿ. ಪಕ್ಕದ ಗುಡ್ಡದ ಮೇಲೆ ಇಸ್ರೇಲಿಗಳು ಕಟ್ಟಿಕೊಂಡ ವಸಾಹತಿನ ಹುಡುಗನಿಗೆ ನಾಗರಿಕ ಕಾನೂನು. ಹನ್ನೆರಡು ವರ್ಷ ತುಂಬಿದವರನ್ನೂ ಆ ಕೋರ್ಟು ವಿಚಾರಿಸುತ್ತದೆ. ವರ್ಷಕ್ಕೆ 500ರಿಂದ 700 ಮಕ್ಕಳು ಅಲ್ಲಿ ನಿಲ್ಲುತ್ತಾರೆಂದು ಡಿಫೆನ್ಸ್ ಫಾರ್ ಚಿಲ್ಡ್ರನ್ ಇಂಟರ್‌ನ್ಯಾಷನಲ್‌ನ ಪ್ಯಾಲೆಸ್ಟೀನ್ ಶಾಖೆ ಅಂದಾಜು ಮಾಡಿತ್ತು. ಆ ಸಂಸ್ಥೆಯನ್ನೇ ಇಸ್ರೇಲ್ 2021ರಲ್ಲಿ ಭಯೋತ್ಪಾದಕ ಪಟ್ಟಿಗೆ ಸೇರಿಸಿತು. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಇಸ್ರೇಲ್ 1991ರಲ್ಲಿ ಒಪ್ಪಿದೆ, ಪ್ಯಾಲೆಸ್ಟೀನ್ 2014ರಲ್ಲಿ. ಮಕ್ಕಳ ಬಂಧನ ಕೊನೆಯ ಉಪಾಯ ಮಾತ್ರ ಆಗಿರಬೇಕು ಅನ್ನುವ 37ನೇ ವಿಧಿ ಇಬ್ಬರನ್ನೂ ಕಟ್ಟಿಹಾಕುತ್ತದೆ. ಮಕ್ಕಳ ಹಕ್ಕು ಅಂದರೆ ಏನು ಅಂತ ಆಯ್ಕೆ ಸಮಿತಿಗೆ ಪಾಠ ಹೇಳುತ್ತ ಜಾಗ ಹಾಳು ಮಾಡುವುದು ಬೇಡ, ಈ ಒಂದು ತೊಡಕನ್ನು ಎತ್ತಿ ಹಿಡಿದರೆ ಸಾಕು.

ಈಗ ಬೇಸರದ ಮಾತು. ಮೂರರಲ್ಲಿ ಒಂದು ಅರ್ಜಿ ಗಾಜಾದ್ದು. ಪತ್ರ ಸಿಕ್ಕಿತು, ಹಣ ಸಿಕ್ಕಿತು, ಕೂರಲು ಕೋಣೆಯೂ ಸಿಕ್ಕಿತು. ವೀಸಾಕ್ಕೆ ಬೆರಳಚ್ಚು ಬೇಕು. ಗಾಜಾದ ವೀಸಾ ಕೇಂದ್ರ 2023ರ ಅಕ್ಟೋಬರ್‌ನಿಂದ ಮುಚ್ಚಿದೆ. ಬೆರಳಚ್ಚು ಕೊಡಲು ಹೊರಗೆ ಬರಬೇಕು, ಹೊರಗೆ ಬರಲು ವೀಸಾ ಇರಬೇಕು. ಹುಚ್ಚು ಬಿಡೋ ತನಕ ಮದುವೆ ಆಗಲ್ಲ, ಮದುವೆ ಆಗೋ ತನಕ ಹುಚ್ಚು ಬಿಡಲ್ಲ ಅಂತಾರಲ್ಲ, ಹಾಗೆ. ಬ್ರಿಟನ್ನು ಸ್ಕಾಲರ್‌ಶಿಪ್ ಪಡೆದ ಗಾಜಾ ವಿದ್ಯಾರ್ಥಿಗಳ ಮೊದಲ ತಂಡವನ್ನು ಕರೆತಂದದ್ದು 2025ರ ಸೆಪ್ಟೆಂಬರ್‌ನಲ್ಲಿ. ನಮ್ಮ ಗಾಜಾದ ಅರ್ಜಿದಾರರ ಡಿಗ್ರಿ ಪ್ರಮಾಣಪತ್ರ ತರಿಸೋಣವೆಂದರೆ ಅದನ್ನು ಕೊಡಬೇಕಾದ ಕಚೇರಿ ಇದ್ದ ಕಟ್ಟಡವೇ ಇರಲಿಲ್ಲ. 2024ರ ಏಪ್ರಿಲ್‌ನಲ್ಲಿ ವಿಶ್ವಸಂಸ್ಥೆಯ ತಜ್ಞರು, ಆರು ತಿಂಗಳಲ್ಲಿ ಗಾಜಾದ 95 ಪ್ರಾಧ್ಯಾಪಕರು ಸತ್ತಿದ್ದಾರೆಂದು ಹೇಳಿದ್ದರು. ಅದು ಸುದ್ದಿಯಾಗಿದ್ದ ದಿನಗಳಲ್ಲೇ ನಾವು 'ದೃಢೀಕೃತ ನಕಲು ಲಗತ್ತಿಸಿ' ಅಂತ ಜ್ಞಾಪನಪತ್ರ ಕಳಿಸುತ್ತಿದ್ದೆವು. ನೆನೆಸಿಕೊಂಡರೆ ಈಗಲೂ ನಾಚಿಕೆ. ಕೊನೆಗೆ ಇಬ್ಬರು ಹಳೆಯ ಸಹೋದ್ಯೋಗಿಗಳ ಪತ್ರವನ್ನೇ ದಾಖಲೆ ಎಂದು ಒಪ್ಪಿಕೊಂಡೆವು.

ನಬ್ಲುಸ್‌ನವರ ಸ್ಥಿತಿ ಅಷ್ಟು ಬಿಗಿಯಲ್ಲ. ಆದರೂ ಅವರು ಅಲೆನ್‌ಬಿ ಸೇತುವೆ ದಾಟಿ ಜೋರ್ಡಾನಿಗೆ ಹೋಗಿಯೇ ವಿಮಾನ ಹತ್ತಬೇಕು, ಆ ಸೇತುವೆ ಯಾವಾಗ ಮುಚ್ಚುತ್ತದೋ ಹೇಳಲಾಗದು. ಮಕ್ಕಳ ಸಂದರ್ಶನದ ಧ್ವನಿಮುದ್ರಿಕೆ, ಹೆಸರುಗಳ ಪಟ್ಟಿ ಇವನ್ನು ಫೋನಿನಲ್ಲಿ ಇಟ್ಟುಕೊಂಡು ಹೊರಡಬಾರದು. ಇದನ್ನು ದಯವಿಟ್ಟು ಅವರಿಗೆ ತಿಳಿಸಿ.

ಇದಕ್ಕೂ ಮೊದಲು ಕೇಳಬೇಕಾದ್ದೊಂದಿದೆ: ಅವರಿಗೆ ಹೊರಗೆ ಬರಬೇಕೆಂದಿದೆಯೇ? ನಾನು ಕಂಡ ಇನ್ನೊಬ್ಬ ಸಂಶೋಧಕಿ ರಾಮಲ್ಲಾದವರು, ಎಲ್ಲ ಸಿದ್ಧವಾದ ಮೇಲೆ ಬೇಡವೆಂದರು. ಅವರು ಮಾತಾಡಿಸುತ್ತಿದ್ದ ಹುಡುಗರು ಅಲ್ಲೇ ಇದ್ದರು, ಬಿಡುಗಡೆಯಾಗಿ ಮನೆಗೆ ಬಂದ ವಾರದಲ್ಲೇ ಅವರನ್ನು ನೋಡಬೇಕಿತ್ತು. ಇಂಥವರಿಗೆ ಪ್ಯಾಲೆಸ್ಟೀನಿಯನ್ ಅಮೆರಿಕನ್ ರಿಸರ್ಚ್ ಸೆಂಟರ್‌ನ ಫೆಲೋಶಿಪ್ ಹೊಂದುತ್ತದೆ, ಊರಲ್ಲೇ ಇದ್ದು ಕ್ಷೇತ್ರಕಾರ್ಯ ಮಾಡಬಹುದು. ಬೀರ್‌ಜೇಟ್ ವಿಶ್ವವಿದ್ಯಾಲಯದ ಸಮುದಾಯ ಆರೋಗ್ಯ ಸಂಸ್ಥೆಯವರ ಜೊತೆ ಸೇರಿ ಹೊರಗಿನ ವಿಭಾಗವೊಂದು ಜಂಟಿ ಯೋಜನೆ ಬರೆಯುವುದು ಮತ್ತೊಂದು ದಾರಿ. ನನ್ನನ್ನು ಕೇಳಿದರೆ ದುಡ್ಡು ಕೊಡುವವರು ಈ ಬಗೆಗೇ ಹೆಚ್ಚು ಸುರಿಯಬೇಕು. ಆದರೆ ನಮ್ಮಂಥ ಕಚೇರಿಗಳಿಗೆ ಎದುರು ಕುರ್ಚಿಯಲ್ಲಿ ಕೂತ ಫೆಲೋನ ಫೋಟೊ ಬೇಕು.

ಅವರ ಉತ್ತರ ಬಂದಮೇಲೆ, ಸಂಶೋಧನೆಯ ಸಾರಾಂಶ ಒಂದು ಪುಟ ಇದ್ದರೆ ಇಲ್ಲೇ ಹಾಕಿ, ಹೆಸರು ಬೇಡ. ಯಾವ ವಿಭಾಗದ ಬಾಗಿಲು ತಟ್ಟಬಹುದೆಂದು ನೋಡಿ ಹೇಳುತ್ತೇನೆ.