ಅಳತೆ ಪುಸ್ತಕದಲ್ಲಿ ಬರೆದ ಭಯಗಳು

ಸರೋಜಮ್ಮನವರಿಗೆ ನಲವತ್ತಾರು ವರ್ಷ. ದಾವಣಗೆರೆ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ, ಮನೆಯಲ್ಲೇ ರವಿಕೆ ಹೊಲಿದು ಸಂಪಾದಿಸುವವರು. (ಹೆಸರು, ಊರು ಮತ್ತು ಗುರುತು ಹತ್ತುವ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.) ಬಲಗಡೆಯ ಸ್ತನವನ್ನೂ ಕಂಕುಳಿನ ಗ್ರಂಥಿಗಳನ್ನೂ ಶಸ್ತ್ರಚಿಕಿತ್ಸೆಯಲ್ಲಿ ತೆಗೆದಿದ್ದರು. ಗಾಯ ಚೆನ್ನಾಗಿ ಮಾಗಿತ್ತು. ಎರಡು ಗ್ರಂಥಿಗಳಲ್ಲಿ ಕ್ಯಾನ್ಸರ್ ಕಂಡದ್ದರಿಂದ ಕೀಮೋ ಆಗಲೇಬೇಕು ಎಂದು ವೈದ್ಯರು ಹೇಳಿದ್ದರು: ಮೊದಲು 21 ದಿನಕ್ಕೊಂದರಂತೆ 4, ಆಮೇಲೆ ವಾರಕ್ಕೊಂದರಂತೆ 12. ಕೊಟ್ಟ ಮೊದಲ ತಾರೀಖಿಗೆ ಅವರು ಹೋಗಲಿಲ್ಲ. ಮುಂದೂಡಿ ಕೊಟ್ಟ ತಾರೀಖಿಗೂ ಹೋಗಲಿಲ್ಲ. ಮನೆಯವರೆಲ್ಲ ಬುದ್ಧಿ ಹೇಳಿ ಸೋತ ಮೇಲೆ ಆಸ್ಪತ್ರೆಯ ನರ್ಸ್ ಒಬ್ಬರು ಅವರನ್ನು ಆಪ್ತಸಮಾಲೋಚನೆ ಮಾಡುವ ನನ್ನ ಬಳಿಗೆ ಕಳಿಸಿದರು.

ಜೊತೆಗೆ ಬಂದ ಪತಿ, ಎಪಿಎಂಸಿಯ ಒಂದು ಮಂಡಿಯಲ್ಲಿ ಲೆಕ್ಕ ಬರೆಯುವವರು, ಕೂರುವ ಮೊದಲೇ ಹೇಳಿದರು: “ಇವಳಿಗೆ ಧೈರ್ಯವೇ ಇಲ್ಲ ಮೇಡಂ. ನೀವಾದರೂ ಸ್ವಲ್ಪ ಧೈರ್ಯ ಹೇಳಿ.” ಸರೋಜಮ್ಮ ಸೆರಗಿನ ಅಂಚನ್ನು ಬೆರಳಿನಿಂದ ಮಡಿಸುತ್ತಾ ಕುಳಿತಿದ್ದರು. ಸ್ತನವನ್ನೇ ಕಳೆದುಕೊಂಡು, ಗಾಯದ ದ್ರವ ಸೇರುವ ಡ್ರೈನ್ ಚೀಲವನ್ನು ಸೊಂಟಕ್ಕೆ ಕಟ್ಟಿಕೊಂಡೇ ಮಗಳ ಪರೀಕ್ಷೆಯ ದಿನಗಳಲ್ಲಿ ಅಡುಗೆ ಮಾಡಿದ ಹೆಂಗಸು ಅವರು. ಅವರಿಗೆ ಧೈರ್ಯದ ಕೊರತೆ ಇರಲಿಲ್ಲ. “ಧೈರ್ಯ ತಂದುಕೋ” ಎಂದು ಎಲ್ಲರೂ ಹೇಳುತ್ತಿದ್ದುದರಿಂದ, ಭಯ ಏನೆಂದು ಹೇಳಲು ಮಾತ್ರ ಜಾಗವಿರಲಿಲ್ಲ. ಇದನ್ನು ಎಷ್ಟೋ ಮನೆಗಳಲ್ಲಿ ನೋಡುತ್ತಿದ್ದೇನೆ. ಪ್ರೀತಿಯಿಂದಲೇ ಆಡುವ ಆ ಮಾತು ಕಾಯಿಲೆಯವರ ಬಾಯಿ ಮುಚ್ಚಿಸಿಬಿಡುತ್ತದೆ.

ನಾನು ಧೈರ್ಯ ಹೇಳಲಿಲ್ಲ. ಕೀಮೋ ಎಂದ ಕೂಡಲೇ ಕಣ್ಣ ಮುಂದೆ ಯಾರು ಬರುತ್ತಾರೆ ಎಂದು ಕೇಳಿದೆ. ಸ್ವಲ್ಪ ಹೊತ್ತು ಬಿಟ್ಟು, “ನಮ್ಮ ವಾರಗಿತ್ತಿ” ಎಂದರು. ಸುಮಾರು ಇಪ್ಪತ್ತು ವರ್ಷದ ಹಿಂದೆ ಅವರ ಪತಿಯ ಅಣ್ಣನ ಹೆಂಡತಿಗೂ ಇದೇ ಕಾಯಿಲೆ ಬಂದಿತ್ತು. ಆಕೆಯ ವಾಂತಿಯ ಬೇಸಿನ್ ಹಿಡಿದವರು, ತಲೆದಿಂಬಿನಿಂದ ಕೂದಲು ಬಿಡಿಸಿ ತೆಗೆದವರು, ಕೊನೆಗೆ ಮಡಿಲಲ್ಲಿ ನೀರು ಕುಡಿಸಿದವರು ಸರೋಜಮ್ಮನೇ. ಕೇಳುತ್ತಾ ಹೋದಂತೆ ಒಂದು ಸಂಗತಿ ತಿಳಿಯಿತು: ವಾರಗಿತ್ತಿ ಆಸ್ಪತ್ರೆಗೆ ಹೋಗುವ ಹೊತ್ತಿಗೆ ಕಾಯಿಲೆ ಮೂಳೆಗೂ ಪಿತ್ತಜನಕಾಂಗಕ್ಕೂ ಹರಡಿತ್ತು. ಆಕೆಯ ನರಳಾಟದಲ್ಲಿ ಔಷಧಿಯದೆಷ್ಟು, ಕಾಯಿಲೆಯದೆಷ್ಟು ಎಂದು ಬಿಡಿಸಿ ನೋಡಲು ಆಗ ಯಾರಿಗೆ ಸಾಧ್ಯವಿತ್ತು? ಎರಡೂ ಒಂದೇ ಆಗಿ ಸರೋಜಮ್ಮನ ಮನಸ್ಸಿನಲ್ಲಿ ಉಳಿದಿದ್ದವು. ಹರಡಿದ ಕಾಯಿಲೆಯನ್ನು ಹಿಡಿದಿಡಲು ಕೊಡುವ ಕೀಮೋ ಬೇರೆ. ಗಡ್ಡೆ ತೆಗೆದ ಮೇಲೆ, ಸ್ಕ್ಯಾನಿನಲ್ಲಿ ಕಾಣದ ಕಣಗಳು ಎಲ್ಲಾದರೂ ಉಳಿದಿದ್ದರೆ ಅವನ್ನು ನಾಶ ಮಾಡಿ ಕಾಯಿಲೆ ಮರಳದಂತೆ ತಡೆಯಲು ಕೊಡುವ ಕೀಮೋ ಬೇರೆ. ಇದನ್ನು ನಿಧಾನವಾಗಿ ವಿವರಿಸಿದೆ. “ಗಡ್ಡೆ ಹೋಯಿತಲ್ಲ, ಇನ್ನೇಕೆ ಎಂದುಕೊಂಡಿದ್ದೆ” ಎಂದರು.

ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯ ನಂತರ 4ರಿಂದ 6 ವಾರಗಳಲ್ಲಿ ಈ ಕೀಮೋ ಆರಂಭವಾಗುತ್ತದೆ. ಮೂರು ತಿಂಗಳಿಗಿಂತ ತಡವಾದರೆ ಅದರಿಂದ ಸಿಗುವ ಲಾಭ ಕಡಿಮೆಯಾಗುತ್ತದೆ. ಹೀಗಾಗಿ ನಮಗೆ ಸಮಯ ಇತ್ತು, ಆದರೆ ಕಳೆಯುವಷ್ಟು ಇರಲಿಲ್ಲ. ಇದನ್ನೂ ಅವರಿಗೆ ಮುಚ್ಚಿಡಲಿಲ್ಲ.

ಅವರ ಚೀಲದಲ್ಲಿ ಅಳತೆ ಪುಸ್ತಕವಿತ್ತು. ಗಿರಾಕಿಯ ಹೆಸರು, ಎದೆ, ಸೊಂಟ, ತೋಳು, ಹಿಂಬದಿಯ ಕುತ್ತಿಗೆ ಎಂದು ಗೆರೆ ಹಾಕಿದ ಉದ್ದನೆಯ ಪುಸ್ತಕ. ಅದರ ಹಿಂದಿನ ಖಾಲಿ ಹಾಳೆಯಲ್ಲಿ ಮೂರು ಕಾಲಂ ಹಾಕಲು ಹೇಳಿದೆ: ಏನು ಭಯ, ಯಾರನ್ನು ಕೇಳಬೇಕು, ಅವರು ಏನು ಹೇಳಿದರು. ಮುಂದಿನ ಭೇಟಿಗೆ ಎರಡು ಪುಟ ತುಂಬಿಸಿ ತಂದಿದ್ದರು. ವೈದ್ಯಕೀಯ ಪ್ರಶ್ನೆಗಳಿಗೆ ನಾನೇ ತೀರ್ಪು ಕೊಡುವುದಿಲ್ಲ. ಪುಸ್ತಕವನ್ನು ವೈದ್ಯರ ಮೇಜಿನ ಮೇಲಿಟ್ಟು ಒಂದೊಂದಾಗಿ ಓದಿ ಕೇಳಿ ಎಂದೆ. ಅವರು ಹಾಗೆಯೇ ಮಾಡಿದರು.

ಮೊದಲನೆಯದು ವಾಂತಿ. ವಾರಗಿತ್ತಿಯ ಕಾಲಕ್ಕೂ ಈಗಿನ ಕಾಲಕ್ಕೂ ಬಹಳ ಬದಲಾವಣೆ ಆಗಿರುವುದು ಇಲ್ಲೇ. ಈಗ ವಾಂತಿ ಬರುವುದಕ್ಕೆ ಮೊದಲೇ ತಡೆಯುವಂತೆ ಮೂರು ನಾಲ್ಕು ಬಗೆಯ ಔಷಧಗಳನ್ನು ಕೂಡಿಸಿ ಕೊಡುತ್ತಾರೆ. ಅವುಗಳಲ್ಲಿ ಓಲಾಂಜಪೀನ್ ಎಂಬ ಮಾತ್ರೆಯನ್ನು ಮಾನಸಿಕ ಕಾಯಿಲೆಗೂ ಬಳಸುತ್ತಾರೆ. ಮೊಬೈಲಿನಲ್ಲಿ ಹುಡುಕಿ “ನನಗೆ ಹುಚ್ಚಿನ ಮಾತ್ರೆ ಕೊಟ್ಟಿದ್ದಾರೆ” ಎಂದು ಬಿಟ್ಟುಬಿಡುವವರಿದ್ದಾರೆ. ಇಲ್ಲಿ ಅದನ್ನು ಕೊಡುವುದು ವಾಕರಿಕೆ ತಡೆಯಲು. ದಯವಿಟ್ಟು ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ. ಮೊದಲ ನಾಲ್ಕು ಬಾರಿ ಕೊಡುವ ಡಾಕ್ಸೊರುಬಿಸಿನ್, ಅಂದರೆ ಎಲ್ಲರೂ ‘ಕೆಂಪು ಔಷಧಿ’ ಎನ್ನುವುದು, ಒಂದೆರಡು ದಿನ ಮೂತ್ರಕ್ಕೂ ಕೆಂಪು ಬಣ್ಣ ತರುತ್ತದೆ. ಅದು ರಕ್ತವಲ್ಲ ಎಂದು ಮೊದಲೇ ತಿಳಿದಿದ್ದರೆ ನಡುರಾತ್ರಿಯ ದೊಡ್ಡ ಗಾಬರಿಯೊಂದು ತಪ್ಪುತ್ತದೆ.

ಎರಡನೆಯದು ಕೂದಲು. ಪುಸ್ತಕದಲ್ಲಿ ‘ಕೂದಲು’ ಎಂದಷ್ಟೇ ಬರೆದಿದ್ದರು. ‘ಯಾರನ್ನು ಕೇಳಬೇಕು’ ಎಂಬ ಕಾಲಂ ಖಾಲಿ ಇತ್ತು. “ಮುತ್ತೈದೆ ನಾನು. ಬೋಳು ತಲೆ ಇಟ್ಟುಕೊಂಡು ಯಾರ ಮನೆಯ ಅರಿಶಿನ ಕುಂಕುಮಕ್ಕೆ ಹೋಗಲಿ?” ಎಂದು ಅಂದು ಅತ್ತರು. ಈ ಅಳುವನ್ನು ‘ಜೀವಕ್ಕಿಂತ ಕೂದಲು ಹೆಚ್ಚೇ’ ಎಂದು ತಳ್ಳಿಹಾಕುವವರ ಮೇಲೆ ನನಗೆ ನಿಜವಾಗಿಯೂ ಸಿಟ್ಟು ಬರುತ್ತದೆ. ನಮ್ಮ ಕಡೆ ಹೆಂಗಸಿನ ಬೋಳು ತಲೆಗೆ ಏನೇನು ಅರ್ಥ ಹಚ್ಚಿದ್ದಾರೆಂದು ಅವರಿಗೆ ತಿಳಿಯದೆ ಇಲ್ಲ. ಮಗಳು ಸಮಾಧಾನಕ್ಕೆಂದು, “ಅಮ್ಮ, ತಿರುಪತಿಯಲ್ಲಿ ಮುಡಿ ಕೊಟ್ಟು ಬಂದಾಗ ಯಾರೂ ಏನೂ ಅನ್ನಲಿಲ್ಲವಲ್ಲ” ಎಂದಳು. ಸರೋಜಮ್ಮ ತಟ್ಟನೆ ಹೇಳಿದರು: “ಅದನ್ನು ನಾನಾಗಿ ಕೊಟ್ಟಿದ್ದೆ.”

ಉತ್ತರ ಅವರ ಮಾತಿನಲ್ಲೇ ಇತ್ತು. ಈ ಔಷಧಗಳಲ್ಲಿ ಮೊದಲ ಕೀಮೋ ಆಗಿ ಎರಡು ಮೂರು ವಾರಕ್ಕೆ ಕೂದಲು ಉದುರಲು ಶುರುವಾಗುತ್ತದೆ. ಅದು ತಾನಾಗಿ ಉದುರುವವರೆಗೆ ಕಾಯದೆ, ತಮಗೆ ಬೇಕಾದ ದಿನ, ಬೇಕಾದವರ ಕೈಯಿಂದ ತೆಗೆಸಬಹುದಲ್ಲವೇ ಎಂದು ಕೇಳಿದೆ. ಯೋಚಿಸುತ್ತೇನೆ ಎಂದರು. ಮೊದಲ ಕೀಮೋ ಆದ ಹನ್ನೆರಡನೆಯ ದಿನ, ಮಗಳ ಕೈಗೆ ತಮ್ಮದೇ ಹೊಲಿಗೆಯ ಕತ್ತರಿ ಕೊಟ್ಟು ಜಡೆ ತೆಗೆಸಿದರು. ಉಳಿದ ಗಿಡ್ಡ ಕೂದಲು ಉದುರುವಾಗ ನೋವಾಗಲಿಲ್ಲ ಎಂದೇನಲ್ಲ, ಆದರೆ ತಡೆದುಕೊಂಡರು. ಚಿಕಿತ್ಸೆ ಮುಗಿದ ಕೆಲವು ತಿಂಗಳಲ್ಲಿ ಕೂದಲು ಮತ್ತೆ ಬರುತ್ತದೆ, ಮೊದಮೊದಲು ಗುಂಗುರಾಗಿಯೋ ಬೇರೆ ಬಣ್ಣದಲ್ಲಿಯೋ ಇರಬಹುದು. ಹುಬ್ಬೂ ಉದುರುತ್ತದೆ ಎಂಬುದನ್ನು ಯಾರೂ ಮುಂಚೆ ಹೇಳುವುದಿಲ್ಲ. ನಾನು ಹೇಳಿದ್ದೆ.

ಜ್ವರದ ವಿಷಯದಲ್ಲಿ ಮಾತ್ರ ಭಯವನ್ನು ಕಡಿಮೆ ಮಾಡಲು ನಾನು ಹೋಗಲಿಲ್ಲ. 21 ದಿನಕ್ಕೊಮ್ಮೆ ಕೊಡುವ ಪ್ರತಿ ಕೀಮೋ ಆದ 7ರಿಂದ 14ನೆಯ ದಿನದವರೆಗೆ ಬಿಳಿ ರಕ್ತಕಣಗಳು ತೀರಾ ಇಳಿಯುತ್ತವೆ. ಆಗ 100.4 ಡಿಗ್ರಿ ಫ್ಯಾರನ್‌ಹೀಟ್ ಜ್ವರ ಬಂದರೂ ಪ್ಯಾರಸಿಟಮಾಲ್ ನುಂಗಿ ಬೆಳಗಿನವರೆಗೆ ಕಾಯುವಂತಿಲ್ಲ. ರಾತ್ರಿಯಾದರೂ ಆಸ್ಪತ್ರೆಗೆ ಹೋಗಲೇಬೇಕು. ಥರ್ಮಾಮೀಟರ್ ಕೊಳ್ಳುವುದು, ರಾತ್ರಿ ಬರುವ ಆಟೋದವರ ನಂಬರು, ಹತ್ತಿರದಲ್ಲಿ ಇಪ್ಪತ್ತನಾಲ್ಕು ಗಂಟೆ ತೆರೆದಿರುವ ಆಸ್ಪತ್ರೆ, ಕೀಮೋ ಫೈಲ್ ಇಡುವ ಜಾಗ, ಇವೆಲ್ಲವನ್ನೂ ಮೂರನೆಯ ಕಾಲಮ್ಮಿನಲ್ಲಿ ಬರೆಸಿದೆ. ಎರಡನೆಯ ಕೀಮೋ ನಂತರ ಅದು ಕೆಲಸಕ್ಕೂ ಬಂತು. ರಾತ್ರಿ ಜ್ವರ ಬಂದಾಗ ಮನೆಯವರು ಚರ್ಚೆ ಮಾಡದೆ ಹೊರಟರು, ನಾಲ್ಕು ದಿನ ದಾಖಲಾಗಿ ಗುಣವಾಗಿ ಬಂದರು.

ಪಟ್ಟಿಯ ಕೊನೆಗೆ, ಪೆನ್ಸಿಲಿನಲ್ಲಿ, ಒಂದು ಸಾಲಿತ್ತು: ‘ಬೆರಳು’. ಮುಂದಿನ 12 ವಾರ ಕೊಡುವ ಪ್ಯಾಕ್ಲಿಟ್ಯಾಕ್ಸೆಲ್‌ನಿಂದ ಕೈಕಾಲಿನ ಬೆರಳು ಜೋಮು ಹಿಡಿಯುತ್ತದೆ ಎಂದು ನಾದಿನಿ ಎಲ್ಲೋ ಕೇಳಿ ಬಂದು ಹೇಳಿದ್ದರು. ಹುಕ್ಕು ಹಾಕುವ, ಕಾಜ ಮಾಡುವ ಬೆರಳುಗಳೇ ಹೋದರೆ? ಹಾಗೇನೂ ಆಗುವುದಿಲ್ಲ ಎನ್ನಲು ನನಗೆ ಸಾಧ್ಯವಿರಲಿಲ್ಲ, ಏಕೆಂದರೆ ಆಗಬಹುದು. ಎಷ್ಟೋ ಮಂದಿಗೆ ಚಿಕಿತ್ಸೆಯ ನಂತರ ತಿಂಗಳುಗಳಲ್ಲಿ ಕಡಿಮೆಯಾಗುತ್ತದೆ, ಕೆಲವರಿಗೆ ಸ್ವಲ್ಪ ಉಳಿದುಬಿಡುತ್ತದೆ. ತಾವು ಹೊಲಿಗೆಯವರು ಎಂದು ವೈದ್ಯರಿಗೆ ಮೊದಲೇ ಹೇಳಿ, ಗುಂಡಿ ಹಾಕಲು ಕಷ್ಟವಾದ ದಿನವೇ ತಿಳಿಸಿ, ಆಗ ಪ್ರಮಾಣ ಇಳಿಸುವ ಅಥವಾ ನಿಲ್ಲಿಸುವ ದಾರಿ ಇರುತ್ತದೆ ಎಂದೆ. ಒಂಬತ್ತನೆಯ ವಾರ ಸೂಜಿಗೆ ದಾರ ಪೋಣಿಸಲು ಆಗದಾದಾಗ ಅವರು ಮುಚ್ಚಿಡದೆ ಹೇಳಿದರು. ವೈದ್ಯರು ಪ್ರಮಾಣ ಇಳಿಸಿದರು. ಈಗಲೂ ಬಲಗೈಯ ಎರಡು ಬೆರಳ ತುದಿಯಲ್ಲಿ ಜೋಮು ಇದೆ. ಕೈಹೊಲಿಗೆಯನ್ನು ಪಕ್ಕದ ಮನೆಯ ಹುಡುಗಿಗೆ ಕೊಟ್ಟು, ಮಷಿನ್ನಿಗೆ ಮೋಟಾರ್ ಹಾಕಿಸಿಕೊಂಡಿದ್ದಾರೆ.

ಇದಕ್ಕೂ ಮೊದಲಿನ ಇನ್ನೊಂದು ಪ್ರಸಂಗ. ಮೂರನೆಯ ಕೀಮೋ ದಿನ ಆಸ್ಪತ್ರೆಯ ಗೇಟು ಕಂಡದ್ದೇ ತಡ, ಔಷಧಿ ಏರುವ ಮೊದಲೇ ವಾಂತಿಯಾಯಿತು. ನಾಚಿಕೆಯಿಂದ ಕುಗ್ಗಿಹೋದರು. ಇದು ನಾಟಕವಲ್ಲ, ಆ ಜಾಗದ ವಾಸನೆ, ನೋಟಗಳೊಂದಿಗೆ ವಾಕರಿಕೆಯನ್ನು ಮೆದುಳು ಜೋಡಿಸಿಕೊಂಡಿರುತ್ತದೆ. ವೈದ್ಯರಿಗೆ ಹೇಳಿದರೆ ಹಿಂದಿನ ರಾತ್ರಿಗೆ ಮಾತ್ರೆ ಕೊಡುತ್ತಾರೆ. ಉಸಿರನ್ನು ಒಳಗೆಳೆದುಕೊಳ್ಳುವುದಕ್ಕಿಂತ ನಿಧಾನವಾಗಿ ಹೊರಬಿಡುವ ಅಭ್ಯಾಸ ಮಾಡಿಸಿದೆ. ಆ ದಿನ ಇಷ್ಟದ ತಿಂಡಿ ಬೇಡ, ಆಮೇಲೆ ಅದರ ಮೇಲೆಯೇ ಹೇವರಿಕೆ ಹುಟ್ಟಬಹುದು ಎಂದೆ. ಮಂಡಕ್ಕಿ ಬಿಟ್ಟು ಗಂಜಿ ಹಿಡಿದರು.

ಪತಿಯೊಬ್ಬರನ್ನೇ ಒಮ್ಮೆ ಕೂರಿಸಿ ಮಾತನಾಡಿದೆ. ಆ ದಿನ ಧೈರ್ಯದ ಮಾತೇ ಬರಲಿಲ್ಲ, ಬಂದದ್ದು ಅವರ ಭಯ. ಖರ್ಚಿನದು ಅರ್ಧ. ಅವರ ಬಿಪಿಎಲ್ ಕಾರ್ಡಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುತ್ತದೆಂಬುದನ್ನು ಆಸ್ಪತ್ರೆಯ ಯೋಜನಾ ಕೌಂಟರಿನಲ್ಲಿ ವಿಚಾರಿಸಲು ಕಳಿಸಿದೆ. ಇನ್ನರ್ಧ, ಹೆಂಡತಿ ಇಲ್ಲದ ಮನೆ. ಅದನ್ನು ಅವಳಿಗೇ ಹೇಳಿ ಎಂದೆ. “ನಾನು ಅತ್ತರೆ ಅವಳು ಕುಸಿಯುವುದಿಲ್ಲವೇ?” ಎಂದು ಕೇಳಿದರು. ಕುಸಿಯಲಿಲ್ಲ. “ನಿಮಗೂ ಹೆದರಿಕೆ ಇದೆ ಎಂದು ಗೊತ್ತಾಗಿ ಹಗುರವಾಯಿತು” ಎಂದು ಸರೋಜಮ್ಮ ನನ್ನೆದುರೇ ಹೇಳಿದರು.

ಮನೆಯಲ್ಲಿ ಯಾರಿಗಾದರೂ ಕೀಮೋ ಆರಂಭವಾಗುವುದಿದ್ದರೆ, ‘ಏನೂ ಆಗುವುದಿಲ್ಲ’ ಎನ್ನುವ ಬದಲು ‘ಇವತ್ತು ಯಾವುದು ಕಷ್ಟವಾಗುತ್ತಿದೆ’ ಎಂದು ಕೇಳಿ. ಕಷಾಯ, ಚೂರ್ಣ ಏನೇ ಕೊಡುವ ಮನಸ್ಸಿದ್ದರೂ ಮೊದಲು ಕ್ಯಾನ್ಸರ್ ವೈದ್ಯರಿಗೆ ತೋರಿಸಿ. ಶಸ್ತ್ರಚಿಕಿತ್ಸೆ ಆದ ಕಡೆಯ ಕೈಗೆ ಸೂಜಿ, ಬಿಪಿ ಪಟ್ಟಿ ಬೇಡವೆಂದು ನರ್ಸಿಗೆ ನೆನಪಿಸಿ. ಕಾಯಿಲೆಯವರು ಎರಡು ವಾರದಿಂದ ನಿದ್ದೆ ಬಿಟ್ಟಿದ್ದರೆ, ಯಾವುದರಲ್ಲೂ ಮನಸ್ಸಿಲ್ಲದಿದ್ದರೆ, ಬದುಕೇ ಬೇಡ ಎನ್ನುತ್ತಿದ್ದರೆ ಅದು ಭಯವನ್ನು ದಾಟಿದ ಸ್ಥಿತಿ. ಮನೋವೈದ್ಯರನ್ನು ಕಾಣಲು ತಡ ಮಾಡಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು.